ಹಿತ್ತಲಿನ ಗುಂಡಿಯೂ ಮುನ್ನೂರು ವರ್ಷವೂ

ನನ್ನ ಅಪ್ಪನ ಉಗುರುಗಳು ಎಂದೂ ಉಗುರಿನ ಬಣ್ಣದಲ್ಲಿರಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಊಟಕ್ಕೆ ಕುಳಿತಾಗ ಬಿಳಿಜೋಳದ ರೊಟ್ಟಿಯ ಮೇಲೆ ಓಡಾಡುವ ಆ ಬೆರಳುಗಳನ್ನು ನೋಡಿಯೇ ಈ ವಾರ ಯಾವ ಸೀರೆಗೆ ಬೇಡಿಕೆಯಿದೆಯೆಂದು ನಾವು ಊಹಿಸುತ್ತಿದ್ದೆವು. ಬಣ್ಣ ನೂಲನ್ನು ಕಚ್ಚಿ ಹಿಡಿಯಲೆಂದು ಅವರು ಕಿತ್ತಳೆ ಬಣ್ಣದ ಒಂದು ಉಪ್ಪು ಬೆರೆಸುತ್ತಿದ್ದರು. ಅದು ಮನುಷ್ಯರನ್ನೂ ಕಚ್ಚುತ್ತದೆಂದು ನಮಗಾರೂ ಹೇಳಿರಲಿಲ್ಲ. ಅಪ್ಪನಿಗೆ ಮಾತ್ರ ಅಂಗೈಯ ಹುಣ್ಣುಗಳು ಹೇಳಿದ್ದವು.

ಗಿರಣಿಯ ಬಣ್ಣದ ನೂಲು ಬಂದು ಕಸುಬು ನಿಂತಾಗ, ಉಳಿದ ಎರಡು ಡಬ್ಬಿ ಉಪ್ಪನ್ನು ಅವರು ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ ಹುಗಿದರು. ಯಾರೂ ಅಗೆಯದಿರಲೆಂದು ಮೇಲೊಂದು ಚಪ್ಪಟೆ ಕಲ್ಲು ಹಾಸಿದರು. ಮನೆಯನ್ನು ಗಾದಿ ಹೊಲಿಯುವ ಮೌಲಾಸಾಬರಿಗೆ ಬಿಟ್ಟುಕೊಟ್ಟು ನಾವು ಲಕ್ಷ್ಮೇಶ್ವರಕ್ಕೆ ಬಂದೆವು, ಅಪ್ಪ ಕಾಳಿನ ಪೇಟೆಯಲ್ಲಿ ತೂಕದ ಕೆಲಸಕ್ಕೆ ನಿಂತರು.

ಹನ್ನೆರಡು ವರ್ಷದ ನಂತರ, ಯಾವುದೋ ಮದುವೆಗೆ ಬೆಟಗೇರಿಗೆ ಹೋದ ಅಪ್ಪ ಹಳೆಯ ಮನೆಗೂ ಹೋದರು. ಹಿತ್ತಲಲ್ಲಿ ಹೊಸ ಬಾವಿಯಿತ್ತು. ಗುರುತಿನ ಕಲ್ಲು ಅರಿವೆ ಒಗೆಯುವ ಕಲ್ಲಾಗಿತ್ತು. ಮೌಲಾಸಾಬರ ಹೆಂಡತಿ ಖಾತೂನಬಿ ನಗುನಗುತ್ತ ಆ ಬಾವಿಯದೇ ಒಂದು ತಂಬಿಗೆ ನೀರು ಕೊಟ್ಟರು. ಅಪ್ಪ ಕುಡಿದರು, ಏನೂ ಹೇಳದೆ ಹಿಂದಿರುಗಿದರು.

ಅಲ್ಲಿಂದ ಮೂರನೆಯ ಬೇಸಿಗೆಯಲ್ಲಿ ಖಾತೂನಬಿಯ ಬಾಯಲ್ಲಿ ಹುಣ್ಣೆದ್ದು, ಹೊಟ್ಟೆ ಕೆಟ್ಟು, ಕೊನೆಗೆ ಮೂತ್ರಪಿಂಡ ಸೋತು ಅವರು ತೀರಿಕೊಂಡರು. ಕಾರಣವನ್ನು ಡಾಕ್ಟರರು ಹೇಳಲಿಲ್ಲ. ಇಂದಿಗೂ ಖಚಿತವಾಗಿ ಯಾರೂ ಹೇಳಲಾರರು. ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಲವತ್ತನೆಯ ದಿನ ಕಳೆದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಮೌಲಾಸಾಬರ ಮುಂದೆ ಹೋಗಿ ಕುಳಿತು, ಡಬ್ಬಿ, ಗುಂಡಿ, ಕಲ್ಲು ಎಲ್ಲವನ್ನೂ ಹೇಳಿದರು. ನೀರಿನ ರುಚಿ ಚಲೋ ಇತ್ತು, ಇಷ್ಟು ವರ್ಷಕ್ಕೆ ಎಲ್ಲ ಕರಗಿ ಹೋಗಿರಬೇಕೆಂದುಕೊಂಡೆ ಎಂದರು. ಮೌಲಾಸಾಬರು ಸೂಜಿಯನ್ನು ಗಾದಿಗೆ ಚುಚ್ಚಿ ಹೊಲಿಗೆಯನ್ನು ಬದಿಗಿಟ್ಟರು.

"ಹುಗದದ್ದಕ್ಕ ನಾ ಏನೂ ಅನ್ನಂಗಿಲ್ಲರಿ," ಎಂದರು ಆಮೇಲೆ. "ನೀರ ಕುಡದ ದಿವಸ ಒಂದ ಮಾತ ಹೇಳಬೇಕಾಗಿತ್ತು."

ಆ ವಾರವೇ ಇಬ್ಬರೂ ಸೇರಿ ಬಾವಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದರು. ದಿನವೆಲ್ಲ ಒಬ್ಬರಿಗೊಬ್ಬರು ಬುಟ್ಟಿ ದಾಟಿಸಿದರು.

ಗೆಳೆಯರೇ, ಎಂಬತ್ತರ ದಶಕದಲ್ಲಿ ನನಗೆ ದೂರದ ಊರಿನ ಕಚೇರಿಯೊಂದರಲ್ಲಿ ಸಿಕ್ಕ ಕೆಲಸವೂ ಹುಗಿಯುವುದರ ಲೆಕ್ಕವೇ ಆಗಿತ್ತು. ಅಣುಸ್ಥಾವರದ ಕಸವನ್ನು ಗಾಜಿನಲ್ಲಿ ಕರಗಿಸಿ, ಉಕ್ಕಿನ ಕೊಳವೆಯಲ್ಲಿ ತುಂಬಿ, ಗಟ್ಟಿಬಂಡೆಯ ಆಳದಲ್ಲಿ ಇಟ್ಟರೆ, ನೀರು ಬಿರುಕುಗಳಲ್ಲಿ ಇಳಿದು, ಉಕ್ಕನ್ನು ತಿಂದು, ಗಾಜನ್ನು ನೆಕ್ಕಿ, ಮತ್ತೆ ಯಾರದೋ ಬಾವಿಗೆ ಏರಿಬರಲು ಎಷ್ಟು ಸಾವಿರ ವರ್ಷ ಬೇಕು ಎಂಬುದನ್ನು ನಾವು ಕಾಗದದ ಮೇಲೆ ಅಳೆಯುತ್ತಿದ್ದೆವು. ಬಂಡೆಯ ಮೇಲೆ ನನಗೆ ಅನುಮಾನವಿರಲಿಲ್ಲ. ವರದಿಯ ಒಂದು ಸಾಲು ಮಾತ್ರ ನನ್ನನ್ನು ತಡೆಯಿತು: ಗಡಿಕಲ್ಲು ಮತ್ತು ದಾಖಲೆಗಳ ನೆರವಿನಿಂದ ಮುನ್ನೂರು ವರ್ಷ ಅಲ್ಲಿ ಯಾರೂ ಅಗೆಯುವುದಿಲ್ಲವೆಂದು ಭಾವಿಸಲಾಗಿದೆ.

ನಾನು ಆ ಮುನ್ನೂರನ್ನು ಹೊಡೆದುಹಾಕಿ ಸೊನ್ನೆ ಬರೆದು, ಲೆಕ್ಕವನ್ನೆಲ್ಲ ಮತ್ತೆ ಮಾಡಿದೆ. ಮರೆವು ಮೊದಲ ದಿನವೇ ಶುರುವಾಗುವುದಾದರೆ ಆ ಆಳ ಸಾಲುತ್ತಿರಲಿಲ್ಲ. ಮೇಲಧಿಕಾರಿ ಒಳ್ಳೆಯವರೇ; ಸೊನ್ನೆಗೆ ಆಧಾರವೇನೆಂದು ಕೇಳಿದರು. ನಾನು ಖಾತೂನಬಿಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಒಂದು ಹಿತ್ತಲಿನ ದುಃಖ ದೇಶದ ಲೆಕ್ಕಕ್ಕೆ ಪುರಾವೆಯಾಗದು ಎಂದರು, ಕಠಿಣವಾಗಿಯೇನೂ ಅಲ್ಲ. ಮುಂದಿನ ಕರಡಿನಲ್ಲಿ ಮುನ್ನೂರು ಮರಳಿ ಬಂದಿತ್ತು. ನನ್ನ ಲೆಕ್ಕ ಕೊನೆಯ ಅನುಬಂಧದಲ್ಲಿ, ಯಾರೂ ತಲುಪದ ಪುಟದಲ್ಲಿ, ಹೂತುಹೋಗಿತ್ತು.

ಆ ವರ್ಷ ಅಪ್ಪ ಹಾಸಿಗೆ ಹಿಡಿದರು. ನಾನು ಮಾಡುವ ಕೆಲಸ ಏನೆಂದು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ; ಕೇಳಿದಾಗ ಗಾಜು, ಉಕ್ಕು, ಬಂಡೆ ಎಲ್ಲವನ್ನೂ ವಿವರಿಸಿದೆ. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ನನಗ ಒಂದ ಮನಿಯವರಿಗೆ ಹೇಳಾಕ ಬಾಯಿ ಬರಲಿಲ್ಲ," ಎಂದರು. "ನಿಮ್ಮದನ್ನ ಅಷ್ಟ ಸಾವಿರ ವರ್ಷ ಯಾರ ಹೇಳಿಕೊಂತ ಕುಂಡ್ರತಾರವ್ವಾ?"

ಉತ್ತರಕ್ಕೆ ಕಾಯದೆ ಗೋಡೆಯ ಕಡೆ ಹೊರಳಿದರು.

ಅವರು ಹೋದ ಮೇಲೆ, ಊರಿಗೆ ಬಂದಾಗಲೆಲ್ಲ ನಾನು ಬೆಟಗೇರಿಗೆ ಹೋಗಿ ಮೌಲಾಸಾಬರ ಸೊಸೆಯೊಡನೆ ಒಂದು ಗಳಿಗೆ ಕುಳಿತು ಬರುವುದು ರೂಢಿಯಾಯಿತು. ಗುಂಡಿಯ ಜಾಗ ಆಕೆಗೂ ಮಕ್ಕಳಿಗೂ ಬಾಯಿಪಾಠವಾಗಿತ್ತು. ಹೋದ ಸಲ ಬಾಗಿಲು ತೆರೆದವರು ಗುರುತಿಲ್ಲದ ಹೆಂಗಸು. ಮೌಲಾಸಾಬರ ಮನೆಯವರು ಮುಂಡರಗಿಗೆ ಹೋದರಂತೆ. ಇವರು ಬಂದು ಎರಡು ತಿಂಗಳಾಯಿತಂತೆ. ನಳದ ನೀರು ಸರಿಯಾಗಿ ಬರುವುದಿಲ್ಲವಂತೆ. ಆಕೆಯ ಹೆಗಲ ಮೇಲಿಂದ ಹಿತ್ತಲು ಕಾಣುತ್ತಿತ್ತು, ನೆಲ ಸಮತಟ್ಟಾಗಿತ್ತು, ಕಲ್ಲು ಇರಲಿಲ್ಲ.

ನಾನು ಅಪ್ಪನ ಹೆಸರು ಹೇಳಿದೆ. ಆಕೆ ಆ ಹೆಸರು ಕೇಳಿರಲಿಲ್ಲ.

"ಸ್ವಲ್ಪ ಹಿತ್ತಲಕ್ಕ ಬರ್ರಿ," ಅಂದೆ. "ನಿಮಗ ಒಂದ ಮಾತ ಹೇಳೋದೈತಿ."