ನಡಿಗೆಯ ವೇಗದ ಗಾಡಿ

ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೂರಿಸಿಯೇ ಕರೆದೊಯ್ದು, ಕೂರಿಸಿಯೇ ಮಣ್ಣು ಮಾಡುತ್ತೇವೆ. ಹಾಗಾಗಿ ಚಾಮರಾಜಪೇಟೆಯ ನಮ್ಮ ಸಮಾಜದ ಸಂಘ ಶವಯಾತ್ರೆಗೆಂದು ಇಟ್ಟುಕೊಂಡಿದ್ದ ವ್ಯಾನಿನ ಛಾವಣಿಯನ್ನು ಎತ್ತರಿಸಿ, ಒಳಗೆ ಕಬ್ಬಿಣದ ಪೀಠವೊಂದನ್ನು ವೆಲ್ಡ್ ಮಾಡಿಸಿದ್ದರು. ಅದನ್ನು ಓಡಿಸುತ್ತಿದ್ದವನು ನನ್ನ ಸೋದರಮಾವ. ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದಿದ್ದ ಅವನಿಗೆ ಒಂದೇ ಒಂದು ಹೆಮ್ಮೆಯಿತ್ತು.

"ನನ್ನ ಗಾಡೀಲಿ ಕೂತೋರು ಯಾವತ್ತೂ ವಾಲಿಲ್ಲ ಕಣೇ ಪುಟ್ಟಿ," ಎನ್ನುತ್ತಿದ್ದ. "ಬ್ರೇಕ್ ಹಾಕಿದ್ದು ಅವರಿಗೂ ಗೊತ್ತಾಗಬಾರ್ದು."

"ಅವರಿಗೆ ಹೇಗೆ ಮಾವ ಗೊತ್ತಾಗತ್ತೆ?"

"ಅದಕ್ಕೇ ಜಾಸ್ತಿ ಜೋಪಾನ. ದೂರು ಹೇಳೋಕೂ ಬಾಯಿಲ್ಲ ಅವರಿಗೆ."

ವ್ಯಾನಿನ ಪೆಟ್ರೋಲ್ ಎಂಜಿನ್ ಸತ್ತದ್ದು ಓಡಿ ಓಡಿ ಅಲ್ಲ, ನಡೆದು ನಡೆದು. ಮುಂದೆ ಭಜನೆ, ಹಿಂದೆ ಬಂಧುಗಳು, ನಡುವೆ ಮೊದಲ ಗೇರಿನಲ್ಲಿ ತೆವಳುವ ಗಾಡಿ. ವರ್ಷಗಟ್ಟಲೆ ಹೀಗೆ ಕಾದು ಕಾದು ಅದರ ಹೆಡ್ಡು ಬಿರುಕು ಬಿಟ್ಟಿತು. ಗಾಡಿಯನ್ನೇ ಬದಲಿಸುವುದಕ್ಕೆ ಸಂಘ ಒಪ್ಪಲಿಲ್ಲ. ಪೂರ್ವಿಕರೆಲ್ಲ ಕೂತು ಹೋದ ಪೀಠವಿದ್ದ ಗಾಡಿ ಅದು. ಡೀಸೆಲ್ ಎಂಜಿನ್ ಕೂರಿಸುವುದೆಂದು ತೀರ್ಮಾನವಾಯಿತು.

ಕಲಾಸಿಪಾಳ್ಯದ ಹಳೇ ಸಾಮಾನಿನ ಅಂಗಡಿಗೆ ಮಾವನ ಜೊತೆ ನಾನೂ ಹೋದೆ. ಆಗ ನಾನು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಸಂಸ್ಥೆಗಳ ಹೊಣೆಗಾರಿಕೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆ; ಒಂದು ಸಂಸ್ಥೆ ಹೊಣೆಯಿಂದ ಹೇಗೆ ಜಾರಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಂಡಿರಲಿಲ್ಲ. ಅಂಗಡಿಯಲ್ಲಿ ಎರಡು ಎಂಜಿನ್‌ಗಳಿದ್ದವು. ಒಂದು ಹೊಸ ತಲೆಮಾರಿನದು, ಮೈತುಂಬ ವೈರು, ಸೆನ್ಸರು. ಇನ್ನೊಂದು ಹಳೆಯದು, ಎಣ್ಣೆಮಣ್ಣು ಮೆತ್ತಿಕೊಂಡ ಕಬ್ಬಿಣದ ಗುಂಡು. ಡೀಸೆಲ್ ಚಿಮ್ಮಿಸುವ ಅದರ ಪಂಪು ಕೂಡ ಬರೀ ಹಲ್ಲುಗಾಲಿಗಳಿಂದಲೇ ತಿರುಗುವಂಥದು.

ನಮ್ಮ ಬೀದಿಯ ಮೆಕ್ಯಾನಿಕ್ ಹೊಸದರ ಮೇಲೆ ಕೈಯಿಟ್ಟ. "ಗುರು, ಇದು ಪವರ್ರು. ಹಿಂದೆ ಕೂತಿರೋರು ಎದ್ದು ಕೂತ್ಕೋತಾರೆ."

"ಅವರು ಕೂತೇ ಇರ್ತಾರಲ್ಲಪ್ಪ," ಎಂದ ಮಾವ ಹಳೆಯದರ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿದ. "ನನಗೆ ವೇಗ ಬೇಡ. ಆಕ್ಸಿಲರೇಟರ್ ಮುಟ್ಟದೇನೆ ಮೊದಲನೇ ಗೇರಲ್ಲಿ ಎಳೀಬೇಕು. ಸ್ಮಶಾನದ ಬಾಗಿಲಲ್ಲಿ ವೈರು ಕೈಕೊಟ್ರೆ ಕಂಪ್ಯೂಟರ್‌ನೋರನ್ನ ಎಲ್ಲಿಂದ ಕರೀಲಿ?"

ಆ ಆಯ್ಕೆ ಸರಿಯಾಗಿತ್ತು. ಮುಂದೆ ಆದದ್ದಕ್ಕೆಲ್ಲ "ಆ ಮುದಿ ಎಂಜಿನ್ ತಂದಿದ್ದೇ ತಪ್ಪು" ಎಂದವರಿಗಾಗಿ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಕಟ್ಟುವ ಕೆಲಸವೂ ನಿಷ್ಠೆಯಿಂದಲೇ ನಡೆಯಿತು. ಬ್ಲಾಕಿಗೆ ಹೊಸ ಲೈನರ್ ಕೂರಿಸಿದರು, ಹೊಸ ಪಿಸ್ಟನ್ನು, ರಿಂಗುಗಳು ಬಂದವು. ಲೇತ್ ಅಂಗಡಿಯಲ್ಲಿ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದರು. ಹಳೆಯ ಗೇರ್‌ಬಾಕ್ಸಿಗೂ ಹೊಸದಾಗಿ ಬಂದ ಎಂಜಿನ್ನಿಗೂ ಬೋಲ್ಟಿನ ತೂತುಗಳು ಹೊಂದದಿದ್ದಾಗ ನಡುವೆ ಕೂರಿಸಲು ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆಸಿದರು. ಮೊದಲ ಸಲ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ, ಕೊನೆಗೆ ಒಂದೇ ಲಯಕ್ಕೆ ಬಂದಾಗ ಮಾವ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತುಬಿಟ್ಟ, ಮಗುವಿನ ಜ್ವರ ನೋಡುವವನ ಹಾಗೆ.

ಉಳಿದಿದ್ದದ್ದು ಒಂದೇ ಸಾಮಾನು. ಪೆಟ್ರೋಲ್ ಎಂಜಿನ್ ಉಸಿರೆಳೆದುಕೊಳ್ಳುವಾಗ ತಾನೇ ಒಂದು ನಿರ್ವಾತವನ್ನು ಹುಟ್ಟಿಸುತ್ತದೆ. ಚಾಲಕ ಬ್ರೇಕ್ ತುಳಿದಾಗ ಅವನ ಕಾಲಿಗೆ ಬಲ ಕೂಡಿಸುವ ಬೂಸ್ಟರ್ ನಡೆಯುವುದು ಆ ನಿರ್ವಾತದಿಂದಲೇ. ಡೀಸೆಲ್ಲಿಗೆ ಆ ಗುಣವಿಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪು ಬೇಕು. ಎಂಜಿನ್ ಜೊತೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗಂಟಿ ಬಂದ ಪಂಪು ಜಾಮ್ ಆಗಿತ್ತು, ಬೇರೆಯದಕ್ಕೆ ಹೇಳಿಟ್ಟಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು.

ಹಬ್ಬದ ದಿನ ಸಮಾಜದ ಗಾಡಿ ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ನಿಂತರೆ ಅಪಶಕುನ ಎಂದು ಸಂಘದ ಅಧ್ಯಕ್ಷರು ಖುದ್ದು ಬಂದರು. ಮಾವ ಕೈಕಟ್ಟಿಕೊಂಡು ಹೇಳಿದ: "ಯಜಮಾನ್ರೇ, ಪೆಡಲ್ಲು ಕಲ್ಲಾಗಿದೆ. ಪಂಪ್ ಬರೋವರೆಗೂ ಬೇಡಿ."

ಅಧ್ಯಕ್ಷರು ನಕ್ಕರು. "ಅಲ್ಲಯ್ಯಾ, ನಡಿಗೆ ವೇಗದಲ್ಲಿ ಹೋಗೋ ಗಾಡಿಗೆ ಎಷ್ಟು ಬ್ರೇಕ್ ಬೇಕು? ಕಾಲು ಗಟ್ಟಿಯಾಗಿ ಊರು. ಹಬ್ಬ ಮುಗೀಲಿ, ಹಾಕ್ಸೋಣ."

ಮೆಕ್ಯಾನಿಕ್ ಅಲ್ಲೇ ಇದ್ದ. ಪಂಪಿಲ್ಲದ ಬೇರೊಂದು ಆಲ್ಟರ್ನೇಟರನ್ನು ಬಿಗಿದವನೂ ಅವನೇ. "ಸದ್ಯಕ್ಕೆ ಓಡತ್ತೆ ಯಜಮಾನ್ರೇ," ಎಂದ.

ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದಡಿಯ ನಿಂಬೆಹಣ್ಣನ್ನು ಜಜ್ಜಿ ಗಾಡಿ ಬೀದಿಗಿಳಿಯಿತು. ಅಧ್ಯಕ್ಷರ ಮಾತಿನಲ್ಲಿ ಒಂದು ಸತ್ಯವನ್ನು ಮುಚ್ಚಲಾಗಿತ್ತು: ಶವವನ್ನು ಒಯ್ಯುವಾಗ ಮಾತ್ರ ಅದು ನಡಿಗೆಯ ಗಾಡಿ. ತರಲು ಹೋಗುವಾಗ ಎಲ್ಲ ಗಾಡಿಗಳಂತೆ ಅದೂ ಓಡುತ್ತದೆ.

ಹಬ್ಬ ಮುಗಿಯಿತು, ಸಾವು ಮುಗಿಯಲಿಲ್ಲ. ಸಾವಿನ ಮನೆಯಿಂದ ಕರೆ ಬಂದರೆ ಇಲ್ಲವೆನ್ನಬಾರದು ಎಂಬುದು ಸಂಘದ ಕಟ್ಟಳೆ. ಪಂಪು ಶೆಡ್ಡಿಗೆ ಬಂದು ಬಿದ್ದಿತ್ತು; ಅದನ್ನು ಕೂರಿಸಲು ಗಾಡಿಯನ್ನು ಒಂದು ದಿನ ನಿಲ್ಲಿಸಬೇಕಿತ್ತು. ಮಾವ ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: "ಇವತ್ತೊಂದಿನ ತಳ್ಳು."

ತ್ಯಾಗರಾಜನಗರದ ಮನೆಯೊಂದರಿಂದ ಕರೆ ಬಂದ ಬೆಳಿಗ್ಗೆ, ಬಸವನಗುಡಿಯ ಇಳಿಜಾರಿನಲ್ಲಿ ಆಟೋ ಒಂದು ಅಡ್ಡ ಬಂತು. ಮಾವ ಸೀಟಿನಿಂದ ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲ್ಲಿನ ಮೇಲೆ ಹಾಕಿದನಂತೆ. ಗಾಡಿ ನಿಲ್ಲಲಿಲ್ಲ. ಆಟೋವನ್ನು ತಪ್ಪಿಸಿ ಕಲ್ಲಿನ ಕಾಂಪೌಂಡಿಗೆ ಗುದ್ದಿದ. ಆಟೋದಲ್ಲಿದ್ದವರು ಉಳಿದರು. ಬ್ರೇಕಿನ ಮೇಲಿದ್ದ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಅವನಿಗೆ ಆಸ್ಪತ್ರೆಯಲ್ಲಿ ಎಚ್ಚರವಾಗುವ ಮೊದಲೇ ಬೀದಿಯಲ್ಲಿ ಮಾತು ಹುಟ್ಟಿತ್ತು: ತೂಕಡಿಸಿದನಂತೆ. ಕುಡಿದಿದ್ದನಂತೆ. ಎಂದೂ ಕುಡಿಯದ ಮನುಷ್ಯ ನೋವಿಗಿಂತ ಹೆಚ್ಚಾಗಿ ಆ ಮಾತಿಗೆ ನರಳಿದ. "ನನಗೇನೂ ಕೊಡೋದು ಬೇಡ ಪುಟ್ಟಿ. ಬ್ರೇಕ್ ಇರ್ಲಿಲ್ಲ ಅಂತ ಅವರು ಒಂದ್ಸಲ ನಾಲ್ಕು ಜನರ ಮುಂದೆ ಹೇಳ್ಲಿ."

ಸಂಘದ ಸಭೆಗೆ ನಾನು ಹೋದೆ. ಅಧ್ಯಕ್ಷರು ಆಸ್ಪತ್ರೆಯ ಖರ್ಚಿನಿಂದ ಮಾತು ಶುರುಮಾಡಿದರು. ನಾನು ಅದನ್ನು ಕೇಳಲು ಬಂದಿರಲಿಲ್ಲ.

"ಪಂಪು ಇಲ್ಲದೆ ಗಾಡಿ ಓಡಿಸಲು ಹೇಳಿದವರು ಯಾರು?" ಎಂದೆ.

"ನಡೀಬಾರದ್ದು ನಡೆದುಹೋಯ್ತಮ್ಮ. ಯಾರನ್ನ ಅನ್ನೋಣ?"

"ಅಪಘಾತ ಆದಮೇಲೆ ಗಾಡಿ ರಿಪೇರಿಗೆ ಬಂದಾಗ ಮೊದಲು ಆ ಪಂಪನ್ನೇ ಹಾಕಿಸಿದಿರಿ. ಯಾಕೆ?"

"ಓದಿರೋ ಹುಡುಗಿ, ದೊಡ್ಡೋರ ಹತ್ರ ಹೀಗೆ ಮಾತಾಡ್ತಾರಾ?" ಹಿಂದಿನಿಂದ ಯಾರೋ ಅಂದರು.

ಮೆಕ್ಯಾನಿಕ್ಕನ ಕಡೆ ತಿರುಗಿದೆ. "ನೀವಾದರೂ ಹೇಳಿ."

ಅವನು ತನ್ನ ಉಗುರಿನ ಸಂದಿಯ ಗ್ರೀಸನ್ನು ನೋಡಿಕೊಂಡ. "ನನಗೆ ನೆನಪಿಲ್ಲಮ್ಮ."

ಅವನ ಶೆಡ್ಡು ಇದ್ದದ್ದು ಅಧ್ಯಕ್ಷರ ಜಾಗದಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಬಲ್ಲೆ, ಕ್ಷಮಿಸಲಾರೆ. ಅಪಶಕುನಕ್ಕೆ ಹೆದರಿದವರು ಮನುಷ್ಯನ ಕಾಲಿಗೆ ಹೆದರಲಿಲ್ಲ. ಇದಕ್ಕೆ ವಿಧಿಯೆಂದು ಹೆಸರಿಡುವವರ ಜೊತೆ ನನಗೆ ಇವತ್ತಿಗೂ ಜಗಳವಿದೆ.

ಮರುವರ್ಷದ ಆಯುಧಪೂಜೆಗೆ ಗಾಡಿ ನಿಂತಿದ್ದಲ್ಲಿಗೆ ಮಾವ ಊರುಗೋಲು ಹಿಡಿದು ತಾನೇ ಹೊರಟ. ಗಾಡಿಗೆ ಹಾರ ಬಿದ್ದಿತ್ತು, ಎಂಜಿನ್ ಅದೇ ಲಯದಲ್ಲಿ ಬಡಿದುಕೊಳ್ಳುತ್ತಿತ್ತು. ಹೊಸ ಚಾಲಕನನ್ನು ಇಳಿಸಿ, ನನ್ನ ಹೆಗಲು ಹಿಡಿದು ಸೀಟಿಗೆ ಹತ್ತಿದ. ಅಧ್ಯಕ್ಷರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಾವ ಎಡಗಾಲನ್ನು ಬ್ರೇಕಿನ ಮೇಲಿಟ್ಟು ಒತ್ತಿದ. ಪೆಡಲ್ಲು ಮೆತ್ತಗೆ ಇಳಿಯಿತು. ಮತ್ತೊಮ್ಮೆ ಒತ್ತಿದ.

"ಈಗ ಹಿಡಿಯತ್ತೆ," ಎಂದ, ಎಲ್ಲರಿಗೂ ಕೇಳುವಂತೆ.

ಭಜನೆಯವರ ತಾಳ ನಿಂತಿತು. ಅಧ್ಯಕ್ಷರು ಮೈಕ್‌ನವನಿಗೆ ಏನೋ ಸನ್ನೆ ಮಾಡಿದರು, ಹಾಡು ಜೋರಾಯಿತು. ಮಾವ ಇಳಿಯಲು ಕೈ ಚಾಚಿದ. ನಾನು ಹಿಡಿದುಕೊಂಡೆ. ಇನ್ಯಾರೂ ಮುಂದೆ ಬರಲಿಲ್ಲ.