ದಿವಾಣಜಿ ರಾಮಲಿಂಗನ ಮೂವತ್ತು ಸಾವಿರ ಹೆಜ್ಜೆ

ಭೂಮಿತಾಯಿಗೆ ನೋವಾದೀತೆಂದು ಪಾದ ಊರದೆ ಬಾಳಿದ ಮಹಾಪುರುಷ ಇಚಲಕರಂಜಿಯಲ್ಲಿ ಒಬ್ಬನೇ: ರಾಮಲಿಂಗ. ವಿದ್ಯುತ್ ಮಗ್ಗದ ಶೆಡ್ಡಿನ ಉಸ್ತುವಾರಿ ನೋಡುವ ದಿವಾಣಜಿಯಾದ ಈತ ಕುರ್ಚಿಯಲ್ಲಿ ಕೂತೇ ಇಪ್ಪತ್ತನಾಲ್ಕು ಮಗ್ಗಗಳನ್ನೂ ಅವುಗಳ ನೇಕಾರರನ್ನೂ ಆಳುತ್ತಿದ್ದ. ಬಾಗಿಲಿಂದ ಮೂವತ್ತು ಹೆಜ್ಜೆ ದೂರದ ಚಹಾದ ಗಾಡಿಗೂ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆಯುತ್ತಿದ್ದ.

ಐವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು. ಪೊಲೀಸ್ ಕೆಲಸದ ಭರತಿಗೆಂದು ಓಟದ ತಾಲೀಮು ನಡೆಸಿದ್ದ ಮಗಳು ಪ್ರಣಿತಾ, ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಅಪ್ಪನ ಮುಂಗೈಗೆ ಕಟ್ಟಿ, ಗೋಡೆಯ ಮೇಲಿನ ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫಳ ಚಿತ್ರ ತೋರಿಸಿದಳು.

"ಈಕಿಗೆ ಸಣ್ಣಾಕಿದ್ದಾಗ ಪೋಲಿಯೋ ಆಗಿತ್ತಪ್ಪಾ. ಕಾಲಿಗೆ ಕಬ್ಬಿಣದ ಆಸರ ಕಟ್ಕೊಂಡ ನಡೀತಿದ್ಲು. ಮುಂದ ರೋಮ್ ಒಲಿಂಪಿಕ್ಸ್‌ನ್ಯಾಗ ಓಡಿ ಮೂರ ಬಂಗಾರ ಗೆದ್ಲು. ಊರಾಗ ಸನ್ಮಾನ ಇಟ್ರ, ಕರಿಯರು ಬಿಳಿಯರು ಕೂಡೇ ಬರಬೇಕು, ಇಲ್ಲಾಂದ್ರ ನಾ ಬರೂದಿಲ್ಲ ಅಂದ್ಲು. ನಿನಗ ಎರಡೂ ಕಾಲ ನೆಟ್ಟಗ ಅದಾವಲ್ಲ?"

ರಾಮಲಿಂಗ ಎರಡು ದಿನ ನಡೆದ. ಮೂರನೆಯ ದಿನ ಅವನೊಳಗಿನ ದಿವಾಣಜಿ ಎಚ್ಚರಗೊಂಡ. ಕೆಲಸವನ್ನು ತಾನೇ ಮಾಡುವವನು ಎಂಥ ದಿವಾಣಜಿ? ಪಟ್ಟಿ ಬಿಚ್ಚಿ, ಏಳನೆಯ ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲಿಗೆ ಕಟ್ಟಿದ. ಕೋಲು ಖಟ್ ಖಟ್ ಎಂದು ತೂಗಿದಂತೆಲ್ಲ ಮಗಳ ಮೊಬೈಲಿನಲ್ಲಿ ಅಪ್ಪನ ಹೆಜ್ಜೆ ಏರಿತು. ಊಟದ ಹೊತ್ತಿಗೇ ಮೂವತ್ತು ಸಾವಿರ. ಅತಿಯಾಸೆ ಒಳ್ಳೆಯದಲ್ಲವೆಂದು ಬಿಚ್ಚಿಟ್ಟ. ಮರುದಿನ ಮತ್ತೆ ಕಟ್ಟಿದ. ಹೆಂಡತಿ ಹೌಸಾಬಾಯಿ ಈ ಪರಾಕ್ರಮವನ್ನು ಓಣಿಗೆಲ್ಲ ಸಾರಿದಳು.

ಅಷ್ಟರಲ್ಲಿ ಪ್ರಣಿತಾಳ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ಎಂಟು ದಿನ ಓಡಬೇಡ, ಎಲುಬು ಬಿರುಕು ಬಿಟ್ಟರೆ ಭರತಿಯೇ ಕೈತಪ್ಪುತ್ತದೆ ಎಂದರು ಡಾಕ್ಟರು. ಅವಳು ಕುಂಟುತ್ತಲೇ ಬೂಟು ಹಾಕಿದಳು.

"ಮನ್ಯಾಗ ಕುಂದ್ರವಾ," ಎಂದ ರಾಮಲಿಂಗ.

"ಈ ವಯಸ್ಸಿನ್ಯಾಗ ನೀ ಮೂವತ್ತ ಸಾವಿರ ಹೆಜ್ಜಿ ಹಾಕ್ತಿ. ನಾ ಹೆಂಗ ಕುಂದರ್ಲಿ? ನಾಚಿಕಿ ಬರತೈತಿ."

ಮೂರು ದಿನ ಅವಳು ಕುಂಟಿಕೊಂಡು ಓಡಿದಳು. ಮೂರು ದಿನ ಅವನು ಗೋಡೆಯ ಚಿತ್ರಕ್ಕೆ ಬೆನ್ನು ಮಾಡಿ ಉಂಡ. ನಾಲ್ಕನೆಯ ಬೆಳಗ್ಗೆ ಅವಳು ಅಂಗಳದಲ್ಲೇ ಕಾಲು ಹಿಡಿದು ಕುಸಿದಳು, ಹಲ್ಲು ಕಚ್ಚಿ ಮತ್ತೆ ಎದ್ದಳು. ಆಗ ರಾಮಲಿಂಗ ಓಡಿದ. ಹೌದು, ಓಡಿದ! ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಅವಳ ಕಾಲಿನ ಬೂಟು ಕಿತ್ತುಕೊಂಡ.

"ಬಿಡಪ್ಪಾ! ನೀ ಒಂದ ದಿನಾನೂ ನಿಂತಿಲ್ಲ, ನಾ ಯಾಕ ನಿಲ್ಲಲಿ?"

"ಎರಡ ದಿನದ ಮ್ಯಾಲ ನಾ ನಡದೇ ಇಲ್ಲವಾ. ಏಳನೇ ಮಗ್ಗ ನಡದೈತಿ. ನಾ ಕುರ್ಚಿ ಮ್ಯಾಲ ಕುಂತಿದ್ದೆ."