ಮೂರನೆಯ ಸುತ್ತು

ಅಂದು ಶನಿವಾರ. ನಾನು ಕೆಲಸದಲ್ಲಿರುವ ಗಾಲ್ವೇಯಿಂದ ಬಸ್ಸಿನಲ್ಲಿ ಕಾರ್ಕ್‌ಗೆ ಹೋಗಿದ್ದೆ. ಅದರ ಹೊರವಲಯದ ಬ್ಯಾಲಿನ್‌ಕೊಲಿಗ್‌ನಲ್ಲಿ ಗೆಳತಿಯೊಬ್ಬಳ ಜೊತೆ ಬಾಡಿಗೆಗಿದ್ದ ಅಕ್ಕ ಬಸ್ ನಿಲ್ದಾಣಕ್ಕೇ ಕಾರು ತಂದಿದ್ದಳು. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ, ಕಾಫಿ ಫ್ಲಾಸ್ಕು. ಸಮುದ್ರದಂಚಿನ ಕಿನ್ಸೇಲ್‌ಗೆ ಹೋಗೋಣ ಎಂದಳು. ಒಂದು ಕಾಲದಲ್ಲಿ ಹಡಗಿನಲ್ಲಿ ವೈನ್ ಬಂದಿಳಿಯುತ್ತಿದ್ದ ಊರು ಅದು. ಆ ವೈನಿಗೆ ಸುಂಕ ವಸೂಲಿ ಮಾಡುತ್ತಿದ್ದ ಚಿಕ್ಕ ಕೋಟೆ ಇಳಿಜಾರಿನ ಬೀದಿಯಲ್ಲಿ ಇನ್ನೂ ಇದೆ.

ಕೋಟೆಯ ಬಾಗಿಲು ಮುಚ್ಚಿತ್ತು. ಗೋಡೆಗೊರಗಿ ಕಾಫಿ ಕುಡಿದೆವು.

“ವೈನ್ ಊರಿಗೆ ಬಂದು ಫಿಲ್ಟರ್ ಕಾಫಿ ಕುಡಿಯೋರು ನಾವಿಬ್ರೇ ಇರ್ಬೇಕು,” ಎಂದೆ.

“ನೀನು ವೈನೇ ಕುಡಿಯೋ, ಯಾರು ಬೇಡ ಅಂದ್ರು? ಅಮ್ಮಂಗೆ ಫೋಟೋ ಮಾತ್ರ ಕಳಿಸ್ತೀನಿ,” ಎಂದಳು ಅಕ್ಕ.

ಹತ್ತಿರದ ಚರ್ಚಿನ ಅಂಗಳದಲ್ಲಿ ತುಂಬಾ ಹಳೆಯ ಮರವೊಂದಿತ್ತು. ಕಾಂಡ ಸೀಳಿ ಒಳಗೆ ಪೊಟರೆಯಾಗಿತ್ತು. ಅಕ್ಕ ಅದನ್ನು ನೋಡಿದವಳೇ ಶೂ, ಕಾಲುಚೀಲ ಬಿಚ್ಚಿಟ್ಟು, ಕೈ ಮುಗಿದು ಸುತ್ತು ಬರತೊಡಗಿದಳು. ಮೈಸೂರಿನಲ್ಲಿ ನಮ್ಮ ಬೀದಿಯ ಅರಳಿಕಟ್ಟೆಗೆ ಅಮ್ಮ ಹೀಗೆಯೇ ಮೂರು ಸುತ್ತು ಹಾಕಿಸುತ್ತಿದ್ದಳು. ಬೆಂಚಿನ ಮೇಲೆ ಕೂತಿದ್ದ ದಂಪತಿ ತಿನ್ನುವುದನ್ನು ನಿಲ್ಲಿಸಿ ನೋಡಿದರು. ನನ್ನ ಕಿವಿ ಬಿಸಿಯಾಯಿತು.

“ಅಕ್ಕ, ಸಾಕು ಬಾ. ಎಲ್ಲಾರೂ ನೋಡ್ತಿದಾರೆ.”

“ನೋಡ್ಲಿ ಬಿಡೋ. ಎರಡಾಯ್ತು, ಇನ್ನೊಂದೇ.”

“ಇದೇನು ಅರಳಿಮರಾನಾ? ನಡಿ.”

ಅವಳು ನನ್ನ ಮುಖ ನೋಡಿದಳು. ಹುಲ್ಲಿನಿಂದ ಒದ್ದೆಯಾದ ಪಾದಕ್ಕೆ ಹಾಗೆಯೇ ಕಾಲುಚೀಲ ಏರಿಸಿಕೊಂಡು, “ಸರಿ ಕಣಪ್ಪ. ಮುಂದಿನ ಸಲ ನಿನ್ನನ್ನ ಕಾರಲ್ಲೇ ಕೂರಿಸಿ ಬರ್ತೀನಿ,” ಎಂದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕ ಅಡುಗೆಮನೆಯಲ್ಲಿ ಕುಸಿದು ಬಿದ್ದಳಂತೆ, ತಲೆಯೊಳಗೆ ರಕ್ತಸ್ರಾವವಾಗಿ ತೀರಿಕೊಂಡಳಂತೆ. ಫೋನ್ ಮಾಡಿದ ಹೆಂಗಸು ನಿಧಾನವಾಗಿ, ಎರಡು ಸಲ ಹೇಳಿದರು. ನಾನು “ಗ್ರ್ಯಾಂಡ್, ಥ್ಯಾಂಕ್ಸ್” ಎಂದು ಫೋನ್ ಇಟ್ಟೆ. ‘ಸರಿ, ಆಯ್ತು’ ಎನ್ನಲು ಇಲ್ಲಿ ಅಂಗಡಿಯಲ್ಲಿ, ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಆಮೇಲೆ ಅವಳು ಕೊಟ್ಟು ಕಳಿಸಿದ್ದ ಪುಳಿಯೋಗರೆ ಡಬ್ಬಿಯನ್ನು ತೊಳೆದೆ. ಒರೆಸಿದೆ. ಮತ್ತೆ ತೊಳೆದೆ. ಅಮ್ಮನಿಗೆ ಫೋನ್ ಮಾಡಬೇಕೆಂದು ಹೊಳೆದಾಗ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ.

ಸುತ್ತು ನಿಂತದ್ದಕ್ಕೂ ಸಾವಿಗೂ ಸಂಬಂಧವಿಲ್ಲ. ಅದು ನನಗೆ ಗೊತ್ತು. ಆದರೆ ನಾಚಿಕೊಂಡು ಅವಳನ್ನು ತಡೆದವನು ನಾನು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ಹೋದ ತಿಂಗಳು ಒಬ್ಬನೇ ಆ ಮರದ ಬಳಿಗೆ ಹೋದೆ. ಶೂ ಬಿಚ್ಚಿ ಒಂದು ಸುತ್ತು ಬಂದೆ. ಹುಲ್ಲು ತಣ್ಣಗಿತ್ತು. ಬೆಂಚಿನ ಮೇಲೆ ಜನರಿದ್ದರು, ಯಾರೂ ತಲೆ ಎತ್ತಿ ನೋಡಲಿಲ್ಲ. ಅವಳದನ್ನು ಮುಗಿಸುತ್ತೇನೆ ಎಂದುಕೊಂಡು ಹೋಗಿದ್ದೆ. ಆದರೆ ಅದು ನನ್ನ ಮೊದಲನೆಯ ಸುತ್ತು, ಅಷ್ಟೆ. ಅಕ್ಕನ ಮೂರನೆಯದು ಹಾಗೆಯೇ ಉಳಿದಿದೆ.